ನಾಯಿ ನೆಕ್ಕಿದರೆ ಸೂಜಿ ಬೇಕೇ

ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಜಾಲ್ಸೂರಿನ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಷ್ಟ್ರಾಗಿದ್ದೆ. ಆಗ ಸುಳ್ಯವೂ ಪುತ್ತೂರು ತಾಲೂಕಿನೊಳಗೇ ಇತ್ತು. ನನಗೆ ಇಪ್ಪತ್ತೆಂಟು ವರ್ಷ, ತಲೆ ತುಂಬ ಅಹಂಕಾರ. ಈಗ ಯಾರಾದರೂ ನನ್ನ ಹತ್ತಿರ ಬಂದು ಏನಾದರೂ ಕೇಳಿದರೆ, ಸುಬ್ರಹ್ಮಣ್ಯದ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದರೂ, ನಾನು ಉತ್ತರ ಕೊಡುವುದಿಲ್ಲ. ಸಿಡುಕಿ ಅವರನ್ನು ಅಟ್ಟಿಬಿಡುತ್ತೇನೆ. ಮುದುಕನಿಗೆ ತಲೆ ಸರಿ ಇಲ್ಲ ಅಂತ ಮನೆಯವರು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಆ ಕಾಲದಲ್ಲಿ ನಾನು ಕೊಟ್ಟ ಒಂದು ಉತ್ತರದಿಂದ ಒಬ್ಬ ಮನುಷ್ಯ ಸತ್ತ. ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ನಾನು ಉಂಡೆ, ಮಲಗಿದೆ, ನಿವೃತ್ತಿಯ ದಿನ ಸನ್ಮಾನದ ಶಾಲನ್ನೂ ಹೊದ್ದುಕೊಂಡೆ.

ನಮ್ಮ ಬಜಾರೆಂದರೆ ಎಂಟು ಹತ್ತು ಅಂಗಡಿ. ಕಾಸರಗೋಡಿನ ಕಡೆಯಿಂದ ಬರುವ ಬಸ್ಸು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಜವಳಿ ಅಂಗಡಿಯ ಮಾಳಿಗೆಯಲ್ಲಿ ಊರವರೆಲ್ಲ ಸೇರಿ ಒಂದು ವಾಚನಾಲಯ ಮಾಡಿದ್ದರು. ಎರಡು ಬೆಂಚು, ಒಂದು ಮೇಜು, ತಡವಾಗಿ ಬಂದು ತಲಪುವ ಒಂದು ಪತ್ರಿಕೆ. ಊರಲ್ಲಿ ಓದಲು ಬಾರದವರೇ ಹೆಚ್ಚು. ಅವರು ವಾಚನಾಲಯಕ್ಕೆ ಬಂದು ಮಾಡುದಾದರೂ ಎಂತ? ಹಾಗೆ ಯೋಚಿಸಿ ನಾನೇ ಒಂದು ಕ್ರಮ ಶುರು ಮಾಡಿದೆ. ಬಿಸ್ಕಿಟಿನ ಒಂದು ತಗಡಿನ ಡಬ್ಬದ ಮುಚ್ಚಳದಲ್ಲಿ ಸೀಳು ಮಾಡಿ ಮೆಟ್ಟಿಲ ಹತ್ತಿರ ಇಟ್ಟೆ. ಯಾರಿಗೆ ಎಂತ ಸಂಶಯ ಉಂಟೋ ಅವರು ಅದನ್ನು ಚೀಟಿಯಲ್ಲಿ ಬರೆದೋ, ಬಾರದವರು ಯಾರಿಂದಾದರೂ ಬರೆಸಿಯೋ ಹಾಕುವುದು. ಹೆಸರು ಹಾಕಬಾರದು, ಹಾಕಿದರೆ ಕೇಳಲು ನಾಚಿಕೆಯಾಗುತ್ತದೆ. ಭಾನುವಾರ ಮೂರು ಗಂಟೆಗೆ ನಾನು ಡಬ್ಬ ತೆರೆದು ಒಂದೊಂದೇ ಚೀಟಿ ಓದಿ ಎಲ್ಲರೆದುರು ಉತ್ತರ ಹೇಳುವುದು.

ಜನ ಮುರಿದುಕೊಂಡು ಬಿದ್ದರು. ಬೆಂಚು ಸಾಲದೆ ಮೆಟ್ಟಿಲ ಮೇಲೂ ಕೂತರು. ಒಬ್ಬರು ಆಕಳಿಸಿದರೆ ಪಕ್ಕದವರಿಗೂ ಯಾಕೆ ಆಕಳಿಕೆ ಬರುದು? ಹಲಸಿನ ಮೇಣ ಎಣ್ಣೆಗೆ ಬಿಡುತ್ತದೆ, ನೀರಿಗೆ ಯಾಕೆ ಬಿಡುದಿಲ್ಲ? ಬಸ್ಸಿನಲ್ಲಿ ಹೋಗುವಾಗ ಚಂದ್ರ ಯಾಕೆ ಜೊತೆಯಲ್ಲೇ ಬರುದು? ಹಲ್ಲಿಯ ಬಾಲ ತುಂಡಾದ ಮೇಲೂ ಕುಣಿಯುತ್ತದಲ್ಲ, ಅದಕ್ಕೆ ಜೀವ ಉಂಟಾ? ಮಾವನ ಗೊರಕೆ ನಿಲ್ಲಿಸುದು ಹೇಗೆ? ಈ ಕೊನೆಯದು ಯಾರ ಮನೆಯ ಸೊಸೆ ಬರೆಸಿದ್ದು ಅಂತ ಊರಿಗೇ ಗೊತ್ತಾಗಿ, ಒಂದು ವಾರ ಮಾವ ಬಜಾರಿಗೆ ಬರಲಿಲ್ಲ.

ನನ್ನ ಹತ್ತಿರ ಇದ್ದದ್ದು ಹರಕು ಬೆನ್ನಿನ ಒಂದು ವಿಜ್ಞಾನದ ಪುಸ್ತಕ, ಒಂದು ಮನೆವೈದ್ಯದ ಪುಸ್ತಕ, ಮತ್ತೆ ನಾಲಗೆ. ಅರ್ಧ ಉತ್ತರ ಪುಸ್ತಕದಿಂದ, ಇನ್ನರ್ಧ ನಾಲಗೆಯಿಂದ. ಗೊತ್ತಿಲ್ಲ ಎಂಬ ಮಾತನ್ನು ನಾನು ಆ ಬೆಂಚುಗಳ ಎದುರು ಒಂದು ದಿನವೂ ಹೇಳಲಿಲ್ಲ. ಹೇಳಬಾರದು ಅಂತಲೇ ಇದ್ದೆ. ಗೊತ್ತಿಲ್ಲದಾಗ ಒಂದು ತಮಾಷೆ ಮಾಡಿಬಿಡುವುದು, ಜನ ನಗುವುದು, ಅಷ್ಟರಲ್ಲಿ ಮುಂದಿನ ಚೀಟಿ. ಆ ನಗೆಯ ರುಚಿ ನನಗೆ ಹತ್ತಿಬಿಟ್ಟಿತ್ತು.

ಬರುವವರಲ್ಲಿ ಒಬ್ಬರು ಮೀನು ಮಾರುವ ಬ್ಯಾರಿ ಮುಸಲ್ಮಾನರು. ನಲವತ್ತರ ಮೇಲಿನ ವಯಸ್ಸು. ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ಬೆಳಗ್ಗಿನ ಬಸ್ಸಿನಲ್ಲಿ ಕಾಸರಗೋಡಿನಿಂದ ಬರುವ ಬೂತಾಯಿ, ಬಂಗುಡೆ ಮೀನನ್ನು ಬುಟ್ಟಿಗೆ ತುಂಬಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಇಟ್ಟು, ಕೂ ಹಾಕುತ್ತ ಹೊರಟರೆ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ. ಅಕ್ಷರ ಕಲಿಯಬೇಕೆಂಬ ಹಟ ಬಂತು ಅವರಿಗೆ. ಮೀನು ಕೊಟ್ಟು ನಮ್ಮ ಮನೆಯ ಜಗಲಿಯಲ್ಲಿ ಕೂತು ನನ್ನಿಂದ ದಿನಕ್ಕೆರಡು ಅಕ್ಷರ ಬರೆಸಿಕೊಂಡು ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಅರೆಭಾಷೆ, ಅವರ ಮನೆಯಲ್ಲಿ ಬ್ಯಾರಿ ಭಾಷೆ, ಇಬ್ಬರ ನಡುವೆ ತುಳು, ಕಲಿಯುವುದು ಕನ್ನಡ. ಒಂದು ವರ್ಷದಲ್ಲಿ ಬಸ್ಸಿನ ಬೋರ್ಡು ಓದುವಷ್ಟಾದರು. ಚೀಟಿಯನ್ನೂ ತಾವೇ ಬರೆಯತೊಡಗಿದರು. ಮೀನು ಕಣ್ಣು ಮುಚ್ಚುದಿಲ್ಲವಲ್ಲ, ಮತ್ತೆ ನಿದ್ದೆ ಹೇಗೆ ಮಾಡುದು ಅಂತ ಅವರು ಕೇಳಿದ್ದಕ್ಕೆ, ನೀವು ನಿಮ್ಮ ಮದುವೆಯ ರಾತ್ರಿ ಕಣ್ಣು ಬಿಟ್ಟುಕೊಂಡೇ ತೂಕಡಿಸಿದ ಹಾಗೆ ಅಂದು ಎಲ್ಲರನ್ನೂ ನಗಿಸಿದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಬಜಾರಿನಲ್ಲಿ ಒಂದು ಕೆಂಚು ನಾಯಿ ಇತ್ತು. ಮೀನಿನ ತಲೆ ಸಿಗುತ್ತದೆಂದು ಅದು ಕಾಕನ ಹಿಂದೆಯೇ ಅರ್ಧ ದಾರಿ ಹೋಗುತ್ತಿತ್ತು. ಅವರು ತಲೆಯನ್ನು ದೂರ ಬಿಸಾಡುತ್ತಿದ್ದರೇ ಹೊರತು ಅದನ್ನು ಮುಟ್ಟಿದವರಲ್ಲ. ಒಂದು ದಿನ ಬುಟ್ಟಿ ಇಳಿಸಿ ಒಬ್ಬರಿಗೆ ಮೀನು ಎಣಿಸಿ ಕೊಡುವಾಗ ಅದು ಹಿಂದಿನಿಂದ ಬಂದು ಅವರ ಬಲಗೈ ನೆಕ್ಕಿತು. ಮೀನು ಮಾರುವವರ ಬೆರಳು ನೋಡಿದ್ದೀರಾ? ಮೀನಿನ ಮುಳ್ಳು ತಾಗಿ ಗೀರಿ, ಉಪ್ಪುನೀರಿಗೆ ಒಡೆದು, ಒಂದಿಲ್ಲೊಂದು ಕಡೆ ಹಸಿ ಗಾಯ ಇದ್ದೇ ಇರುತ್ತದೆ. ಮರುದಿನ ನಾಯಿ ಬಾಯಲ್ಲಿ ಜೊಲ್ಲು ಸುರಿಸಿಕೊಂಡು ಅಂಗಡಿಯ ಕಂಬಕ್ಕೆಲ್ಲ ಗುದ್ದಿಕೊಂಡು ತಿರುಗಿತಂತೆ. ಅದರ ಮರುದಿನ ಮೋರಿಯ ಹತ್ತಿರ ಸತ್ತು ಬಿದ್ದಿತ್ತು.

ಆ ಭಾನುವಾರ ಡಬ್ಬದಲ್ಲಿ ಅವರ ಚೀಟಿ ಇತ್ತು. ಹೆಸರಿಲ್ಲದಿದ್ದರೂ ಆ ಅಕ್ಷರ ಕಲಿಸಿದವನು ನಾನೇ, ನನಗೆ ಗೊತ್ತಾಗದೆ ಇರುತ್ತದಾ? ನಾಯಿ ಕೈ ನೆಕ್ಕಿತು. ಕಚ್ಚಲಿಲ್ಲ. ಏಳು ಸಲ ತೊಳೆದಿದ್ದೇನೆ, ಒಂದು ಸಲ ಮಣ್ಣು ಹಾಕಿ. ನಾಯಿ ಸತ್ತಿತು. ನೆಕ್ಕಿದರೆ ಸೂಜಿ ಬೇಕಾ? ಅಷ್ಟೇ ಬರೆದಿದ್ದರು. ಅವರಲ್ಲಿ ನಾಯಿಯ ಜೊಲ್ಲು ತಾಗಿದರೆ ಹಾಗೆ ತೊಳೆಯುವ ಕ್ರಮ ಉಂಟು.

ಹುಚ್ಚು ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಸೂಜಿ ಅಂತ ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಪುತ್ತೂರಿನ ಆಸ್ಪತ್ರೆಗೆ ದಿನಾ ಹೋಗಬೇಕು. ನೆಕ್ಕಿದರೆ ಎಂತ ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಒಮ್ಮೆ ಡಾಕ್ಟರರ ಹತ್ತಿರ ಹೋಗಿ ಕೇಳಿ ಕಾಕ ಅಂದಿದ್ದರೆ ಮುಗಿಯುತ್ತಿತ್ತು. ಆರೇ ಶಬ್ದ. ಅವತ್ತು ಪುತ್ತೂರಿನ ಹೈಸ್ಕೂಲಿನಿಂದ ಒಬ್ಬ ವಿಜ್ಞಾನದ ಮಾಷ್ಟ್ರು ನನ್ನ ಕಾರ್ಯಕ್ರಮ ನೋಡಲೆಂದೇ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಬಿ.ಎಸ್ಸಿ. ಓದಿದವರು. ನಾನು ಬರೀ ಟ್ರೈನಿಂಗ್ ಮುಗಿಸಿದ ಪ್ರಾಥಮಿಕ ಶಾಲೆಯ ಮಾಷ್ಟ್ರು. ಅವರೆದುರು ನನಗೆ ತಡವರಿಸಲು ಮನಸ್ಸಾಗಲಿಲ್ಲ.

"ಏಳು ಸಲ ತೊಳೆದಾಯಿತಲ್ಲ, ಅದೂ ಮಣ್ಣು ಹಾಕಿ. ನನ್ನ ಶಾಲೆಯ ಮಕ್ಕಳು ವರ್ಷಕ್ಕೆ ಏಳು ಸಲ ಕೈ ತೊಳೆಯುದಿಲ್ಲ," ಅಂದೆ. ಜನ ನಕ್ಕರು. ಮತ್ತೆ ಗಂಭೀರವಾಗಿ, "ವಿಷ ಇರುವುದು ನಾಯಿಯ ಹಲ್ಲಿನಲ್ಲಿ, ನಾಲಗೆಯಲ್ಲಲ್ಲ. ಕಚ್ಚದಿದ್ದರೆ ಸೂಜಿ ಯಾಕೆ? ಹಳಬರು ಮಾಡಿಟ್ಟ ಕ್ರಮದಲ್ಲಿ ವಿಜ್ಞಾನವೇ ಉಂಟು, ತೊಳೆದದ್ದೇ ಮದ್ದು," ಅಂದೆ. ಚಪ್ಪಾಳೆ ಬಿತ್ತು. ಮೆಟ್ಟಿಲ ಹತ್ತಿರ ಕೂತಿದ್ದ ಕಾಕ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. ಅವರ ಮುಖ ಸಡಿಲಾದದ್ದನ್ನು ನಾನು ನೋಡಿದೆ. ಎಷ್ಟು ಹೆದರಿದ್ದರು ಅಂತ ಆಗಲೇ ನನಗೆ ಗೊತ್ತಾದದ್ದು.

ಪುತ್ತೂರಿನ ಮಾಷ್ಟ್ರನ್ನು ಬಸ್ಸಿಗೆ ಹತ್ತಿಸಲು ಹೋದೆ. ಅವರು ಕಾರ್ಯಕ್ರಮ ಚಂದ ಆಯಿತು ಅಂತೆಲ್ಲ ಹೇಳಿ, ಬಸ್ಸು ಬರುವ ಹೊತ್ತಿಗೆ ಮೆಲ್ಲ, "ಆ ನಾಯಿಯ ವಿಷಯ ಒಮ್ಮೆ ಡಾಕ್ಟರರನ್ನು ಕೇಳಿದರೆ ಒಳ್ಳೆಯದು ಮಾರಾಯ್ರೆ. ಗಾಯ ಇದ್ದರೆ ನೆಕ್ಕಿದರೂ ಸಾಕು ಅಂತ ಎಲ್ಲೋ ಓದಿದ ನೆನಪು," ಅಂದರು. ಎಲ್ಲರೆದುರು ಹೇಳದೆ ನನ್ನ ಮರ್ಯಾದೆ ಉಳಿಸಿದ್ದರು ಪಾಪ. ನನಗೆ ಮೈ ಉರಿಯಿತು. ಅಸೂಯೆಗೆ ಹೇಳುತ್ತಿದ್ದಾನೆ ಅಂತ ಅಂದುಕೊಂಡೆ.

ಮನೆಯ ಕಪಾಟಿನಲ್ಲಿ ಮನೆವೈದ್ಯದ ಪುಸ್ತಕ ಇತ್ತು. ತೆಗೆದು ನೋಡಲಿಲ್ಲ. ನೋಡಿದರೆ ತಿಳಿಯುತ್ತದಲ್ಲ, ತಿಳಿದರೆ ಮುಂದಿನ ಭಾನುವಾರ ಎದ್ದು ನಿಂತು, ಹೋದ ವಾರ ನಾನು ಹೇಳಿದ್ದು ತಪ್ಪು ಅನ್ನಬೇಕಾಗುತ್ತದಲ್ಲ. ಎರಡು ಮೂರು ಸಲ ಆ ಪುಸ್ತಕದ ಎದುರು ನಿಂತು ಬೇರೆ ಪುಸ್ತಕ ತೆಗೆದುಕೊಂಡು ಬಂದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಾಕನಿಗಾದರೂ ಗುಟ್ಟಿನಲ್ಲಿ ಹೇಳುವ ಅಂತ ಒಂದು ಬೆಳಗ್ಗೆ ಶಾಲೆಯ ದಾರಿಯಲ್ಲಿ ಕಾದು ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಬುಟ್ಟಿ ಇಳಿಸಿ, "ನೀವು ಬದುಕಿಸಿದಿರಿ ಮಾಷ್ಟ್ರೆ. ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ಹದಿನಾಲ್ಕು ದಿನ ಪುತ್ತೂರಿಗೆ ಹೋದರೆ ನಾನು ಮೀನು ಕೊಡುವ ಮನೆಗಳನ್ನೆಲ್ಲ ಬೇರೆಯವರು ಹಿಡಿಯುತ್ತಿದ್ದರು," ಅಂತ ಹೇಳಿ, ನಾಲ್ಕು ಬಂಗುಡೆಯನ್ನು ತೇಗದ ಎಲೆಯಲ್ಲಿ ಕಟ್ಟಿ ನನ್ನ ಕೈಗೆ ಇಟ್ಟರು. ಬೇಡ ಅಂದರೂ ಕೇಳಲಿಲ್ಲ. ನಾನು ಹೇಳಬೇಕಾದ ಮಾತನ್ನು ನುಂಗಿಕೊಂಡು ಮೀನು ತೆಗೆದುಕೊಂಡು ಮನೆಗೆ ಬಂದೆ. ಸಾರು ಮಾಡಿ ಉಂಡೆವು.

ಆಮೇಲೆ ದಿನ ಎಣಿಸತೊಡಗಿದೆ. ಬೆಳಗ್ಗೆ ಅವರ ಕೂ ಕೇಳಿದ ಕೂಡಲೇ ಕಿಟಕಿಯಿಂದ ಅವರ ಬಲಗೈ ನೋಡುತ್ತಿದ್ದೆ. ಒಂದು ವಾರ ಆಯಿತು, ಏನೂ ಇಲ್ಲ. ಮೂರು ವಾರ, ಏನೂ ಇಲ್ಲ. ಒಂದು ತಿಂಗಳಾಗುವಾಗ ನನಗೆ ಪೂರ್ತಿ ಧೈರ್ಯ ಬಂತು. ಪುತ್ತೂರಿನ ಮಾಷ್ಟ್ರಿಗೆ ಎಂತ ಗೊತ್ತು ಅಂತ ಒಳಗೊಳಗೇ ಬೀಗಿದೆ. ಭಾನುವಾರದ ಕಾರ್ಯಕ್ರಮವನ್ನೂ ಮೊದಲಿನ ಹಾಗೇ ನಡೆಸಿದೆ.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ಕಾಕ ಜಗಲಿಯಲ್ಲಿ ಕೂತು ಬಲಗೈಯನ್ನು ಎಡಗೈಯಿಂದ ಉಜ್ಜುತ್ತಿದ್ದರು. "ಎರಡು ದಿನದಿಂದ ಬೆರಳಲ್ಲಿ ಇರುವೆ ಹರಿದ ಹಾಗೆ ಆಗುತ್ತದೆ. ಇದು ಎಂತ ಮಾಷ್ಟ್ರೆ?" ಅಂತ ಕೇಳಿದರು. ನಾಯಿ ನೆಕ್ಕಿದ ಕೈ ಅದೇ ಅಂತ ನನಗೆ ಕೂಡಲೇ ನೆನಪಾಯಿತು. ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಬುಟ್ಟಿ ಹೊತ್ತು ಹೊತ್ತು ನರ ಹಿಡಿದಿರಬೇಕು, ಬಿಸಿ ಎಣ್ಣೆ ಹಚ್ಚಿ," ಅಂದೆ. ಅವರು ತಲೆಯಾಡಿಸಿ ಬುಟ್ಟಿ ಎತ್ತಿಕೊಂಡರು. ಅವರು ಅಂಗಳ ದಾಟಿದ ಮೇಲೆ ಒಳಗೆ ಹೋಗಿ ಆ ಪುಸ್ತಕ ತೆಗೆದೆ. ಹುಡುಕಬೇಕಾದ ಪುಟ ಸುಲಭದಲ್ಲೇ ಸಿಕ್ಕಿತು. ಗಾಯವನ್ನು ನೆಕ್ಕಿದರೂ ಕೂಡಲೇ ಸೂಜಿ ಹಾಕಿಸಬೇಕು, ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ ಅಂತ ಎರಡು ಸಾಲು. ಎರಡು ತಿಂಗಳು ನನ್ನಿಂದ ಎರಡು ಮಾರು ದೂರದಲ್ಲಿ ಆ ಎರಡು ಸಾಲು ಇದ್ದವು.

ಮರುದಿನ ಕೂ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಶಾಲೆಗೆ ರಜೆ ಹಾಕಿ ಗುಡ್ಡೆಯ ಬದಿಯಲ್ಲಿದ್ದ ಅವರ ಮನೆಗೆ ಹೋದೆ. ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಜ್ವರ. ಕಣ್ಣು ಕೆಂಪಾಗಿತ್ತು. ಅವರ ಹೆಂಡತಿ ಒಂದು ಲೋಟದಲ್ಲಿ ಗಂಜಿತಿಳಿ ತಂದರು. ಲೋಟ ಹತ್ತಿರ ಬಂದದ್ದೇ ತಡ, ಅವರ ಕತ್ತಿನ ನರಗಳೆಲ್ಲ ಬಿಗಿದುಕೊಂಡು, ಇಡೀ ಮೈ ನಡುಗಿ, ಕೈ ಅದನ್ನು ತಳ್ಳಿಬಿಟ್ಟಿತು. ತಳ್ಳಿದ್ದಕ್ಕೆ ಅವರಿಗೇ ನಾಚಿಕೆಯಾಯಿತು. "ಬೇಕು ಅಂತ ಮಾಡಿದ್ದಲ್ಲ," ಅಂತ ಹೆಂಡತಿಗೆ ಹೇಳಿದರು.

ಬಾಡಿಗೆಗೆ ಒಂದು ಕಾರು ಹಿಡಿದು ಪುತ್ತೂರಿಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಗಾಳಿ ತಾಗಿದರೂ ಅವರ ಗಂಟಲು ಹಿಡಿಯುತ್ತಿತ್ತು, ಕಿಟಕಿಗೆ ಬೈರಾಸು ಅಡ್ಡ ಹಿಡಿದು ಕೂತೆ. ಆಸ್ಪತ್ರೆಯಲ್ಲಿ ಡಾಕ್ಟರರು ಒಂದೇ ನೋಟದಲ್ಲಿ ತಿಳಿದುಕೊಂಡರು. "ನಾಯಿ ಯಾವಾಗ ಕಚ್ಚಿದ್ದು?" ಕಚ್ಚಲಿಲ್ಲ, ನೆಕ್ಕಿದ್ದು, ಎರಡು ತಿಂಗಳಾಯಿತು ಅಂದರು ಕಾಕ. "ಆಗಲೇ ಯಾಕೆ ಬರಲಿಲ್ಲ? ಯಾರನ್ನಾದರೂ ಕೇಳಬಾರದಾ?" ಅಂತ ಡಾಕ್ಟರರಿಗೆ ಸಿಟ್ಟು ಬಂತು. "ಕೇಳಿದ್ದೆ," ಅಂದರು ಕಾಕ. "ಯಾರನ್ನು?" ಅವರು ಉತ್ತರ ಹೇಳಲಿಲ್ಲ. ನಾನು ಮಂಚದ ಕಾಲ ಬುಡದಲ್ಲೇ ನಿಂತಿದ್ದೆ. ಅವರು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ, ನೋಡಿದರೆ ಡಾಕ್ಟರರಿಗೆ ಗೊತ್ತಾಗುತ್ತದೆಂದು. ನಾನೇ ಹೇಳಬಹುದಿತ್ತು. ನನ್ನ ಬಾಯಿ ಆಗ ಮಾತ್ರ ಸುಮ್ಮನಿತ್ತು.

ಡಾಕ್ಟರರು ನನ್ನನ್ನು ಹೊರಗೆ ಕರೆದು ಇನ್ನು ಮಾಡುವಂಥದ್ದು ಏನೂ ಇಲ್ಲ ಅಂದರು. ನಾನು ಕೇಳದೆಯೇ ಇನ್ನೊಂದು ಮಾತು ಹೇಳಿದರು. ಈ ಕಾಯಿಲೆಯಲ್ಲಿ ದಾಹ ಭಯಂಕರ ಇರುತ್ತದೆ, ಗಂಟಲು ನೀರನ್ನು ಒಳಗೆ ಬಿಡುವುದಿಲ್ಲ, ನೋಡಿಕೊಂಡಿರುವುದೇ ಕಷ್ಟ ಅಂತ. ಮೂರನೆಯ ದಿನ ಮಧ್ಯಾಹ್ನ ಕಾಕ ಹೋದರು.

ಊರಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಅವತ್ತು ಚಪ್ಪಾಳೆ ತಟ್ಟಿದವರು ಅಷ್ಟು ಜನ ಇದ್ದರಲ್ಲ, ಒಬ್ಬರಾದರೂ ನೀನು ಹೇಳಿದ್ದು ಸುಳ್ಳಾಯಿತಲ್ಲ ಅನ್ನಬಾರದಾ? ಹಣೆಬರಹ ಅಂದರು. ಮಾಷ್ಟ್ರು ಪಾಪ ಆಸ್ಪತ್ರೆಗೆ ಎಷ್ಟು ಓಡಾಡಿದರು ಅಂದರು. ಬಜಾರಿಗೆ ಹೋದರೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು. ಆ ನಮಸ್ಕಾರಕ್ಕಿಂತ ಕೆನ್ನೆಗೆ ನಾಲ್ಕು ಬಿಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಶಾಲೆಯ ಕೆಲಸ ಜಾಸ್ತಿ ಉಂಟು ಅಂತ ಒಂದು ನೆವ ಹೇಳಿ ಭಾನುವಾರದ ಕಾರ್ಯಕ್ರಮ ನಿಲ್ಲಿಸಿದೆ. ಕಾರಣ ಅದಲ್ಲ ಅಂತ ಯಾರಿಗೂ ಹೊಳೆಯಲಿಲ್ಲ.

ಅವರ ಹೆಂಡತಿಯ ಹತ್ತಿರ ಹೋಗಿ ಕಾಲು ಹಿಡಿಯಬೇಕು ಅಂತ ಮನಸ್ಸಿನಲ್ಲಿತ್ತು. ಅವರಲ್ಲಿ ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಪರಗಂಡಸರ ಎದುರು ಬರುವ ಹಾಗಿಲ್ಲ. ಆ ಕ್ರಮ ನನಗೆ ಅನುಕೂಲವೇ ಆಯಿತು. ಈಗ ಹೋಗಬಾರದು, ಈಗ ಹೋಗಬಾರದು ಅಂತ ನನಗೆ ನಾನೇ ಹೇಳಿಕೊಂಡು ನಾಲ್ಕು ತಿಂಗಳು ಹತ್ತು ದಿನ ತಳ್ಳಿದೆ. ಹನ್ನೊಂದನೆಯ ದಿನಕ್ಕೆ ನೆವ ಇರಲಿಲ್ಲ. ಹೊರಟೆ.

ದಿನ ಮುಗಿದಿದ್ದರೂ ಅವರು ಒಳಬಾಗಿಲ ಹಿಂದೆ ನಿಂತುಕೊಂಡೇ ಮಾತಾಡಿದರು. ನಾನು ಜಗಲಿಯಲ್ಲಿ ಕೂತಿದ್ದೆ. ಬಾಗಿಲ ಸಂದಿನಲ್ಲಿ ಬಿಳಿ ಬಟ್ಟೆಯ ಅಂಚು ಮಾತ್ರ ಕಾಣುತ್ತಿತ್ತು. ನಾನು ತಡವರಿಸುತ್ತ, "ಅವತ್ತು ನಾನು, ತೊಳೆದದ್ದೇ ಸಾಕು ಅಂತ ಹೇಳಿದ್ದು," ಅಂತ ಶುರು ಮಾಡಿದೆ.

"ತೊಳೆದದ್ದು ನಮಾಜಿಗೆ ಮಾಷ್ಟ್ರೆ," ಅಂದರು ಅವರು. "ಅದು ಮೈ ಶುದ್ಧ ಆಗಲಿಕ್ಕೆ. ಅದು ನಮಗೆ ಗೊತ್ತುಂಟು. ಕಾಯಿಲೆಗೆ ಎಂತ ಮಾಡುದು ಅಂತ ಗೊತ್ತಿರಲಿಲ್ಲ. ಅದಕ್ಕೇ ನಿಮ್ಮ ಹತ್ತಿರ ಕೇಳಿದ್ದು." ಸ್ವರದಲ್ಲಿ ಕೋಪ ಇರಲಿಲ್ಲ. ನಡೆದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೇ. ತಪ್ಪಾಯಿತು ಅನ್ನಲು ಹೋದವನು ನಾನು. ಅನ್ನಲೇ ಇಲ್ಲ.

ಮತ್ತೆ ಅವರೇ ಮಾತು ತೆಗೆದರು. "ನಾನೂ ಒಂದು ಕೇಳಬೇಕು ಅಂತ ಇದ್ದೆ. ಹೇಳುವವರು ಬೇರೆ ಯಾರೂ ಇಲ್ಲ. ಆಸ್ಪತ್ರೆಯಲ್ಲಿ ಕೊನೆಗೆ ಅವರು ಕೈಯಲ್ಲಿ ನೀರು, ನೀರು ಅಂತ ತೋರಿಸುತ್ತಿದ್ದರು. ತಂದರೆ ಕಿರುಚುತ್ತಿದ್ದರು. ನೋಡಲಾಗದೆ ನಾನು ಹೂಜಿಯನ್ನೇ ಹೊರಗೆ ಇಟ್ಟುಬಿಟ್ಟೆ. ಮತ್ತೆ ಅವರು ಕೈ ತೋರಿಸಿದರೂ ಕೊಡಲಿಲ್ಲ." ಬಿಳಿ ಬಟ್ಟೆಯ ಅಂಚು ಬಾಗಿಲಿಗೆ ಇನ್ನೂ ಹತ್ತಿರ ಬಂತು. "ಅವರಿಗೆ ಬಾಯಾರಿಕೆ ಇತ್ತಾ ಮಾಷ್ಟ್ರೆ? ನಾನು ಅವರನ್ನು ಬಾಯಾರಿಸಿ ಕಳಿಸಿದೆನಾ?"

"ಇಲ್ಲ," ಅಂದೆ. "ಆ ಕಾಯಿಲೆಯಲ್ಲಿ ಬಾಯಾರಿಕೆಯೇ ಆಗುದಿಲ್ಲ. ಕೈ ಸುಮ್ಮನೆ ಆಡುತ್ತದೆ, ಅಷ್ಟೇ. ಡಾಕ್ಟರರೇ ಹೇಳಿದ್ದಾರೆ."

ಬಾಗಿಲ ಹಿಂದೆ ದೊಡ್ಡ ಉಸಿರೊಂದು ಬಿಟ್ಟದ್ದು ಕೇಳಿಸಿತು. ಆಮೇಲೆ ಅವರು ಅಡಿಗೆಮನೆಯಲ್ಲಿದ್ದ ಮಗಳಿಗೆ ಬ್ಯಾರಿ ಭಾಷೆಯಲ್ಲಿ ಕೂಗಿ ಹೇಳಿದರು: "ಕೇಳಿದೆಯಾ, ಅಪ್ಪನಿಗೆ ಬಾಯಾರಿಕೆ ಇರಲಿಲ್ಲವಂತೆ. ಮಾಷ್ಟ್ರು ಹೇಳಿದರು."